ವಸಡಿಗೆ ಲೇಸರ್: ಕತ್ತರಿಸುವುದು ಬೆಳಕೋ, ಬಿಸಿಯೋ?

ಲೇಸರ್ ಹಿಡಿದ ದಂತವೈದ್ಯರು ಅದನ್ನು ಬಾಯಿಗೆ ತರುವ ಮುಂಚೆ ಒಂದು ಸಣ್ಣ ಕೆಲಸ ಮಾಡುತ್ತಾರೆ. ಪೆನ್ನಿನಂಥ ಹಿಡಿಕೆಯ ತುದಿಯಲ್ಲಿ ಗಾಜಿನ ಎಳೆಯೊಂದು ಇಣುಕುತ್ತಿರುತ್ತದೆ. ನಾಲ್ಕೈದು ತಲೆಗೂದಲು ಸೇರಿಸಿದಷ್ಟೇ ಅದರ ದಪ್ಪ. ಅದನ್ನು ಬಿರಡೆಯ ಚೂರಿಗೋ, ಹಲ್ಲಿನ ಕಚ್ಚು ನೋಡುವ ಬಣ್ಣದ ಕಾಗದಕ್ಕೋ ಮುಟ್ಟಿಸಿ ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಚುರ್ ಎಂದು ಸಣ್ಣ ಹೊಗೆ. ತುದಿಗೆ ಕರಿ ಅಂಟುತ್ತದೆ. ಹೀಗೆ ನಾಲ್ಕೈದು ಸಲ. ಆಮೇಲಷ್ಟೇ ಅದು ವಸಡಿನ ಹತ್ತಿರ ಬರುತ್ತದೆ.

ನೋಡುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಲೇಸರ್ ಎಂದರೆ ಬೆಳಕು ಅಲ್ವಾ? ಬೆಳಕು ಹೊರಬರುವ ತುದಿಗೆ ಬೇಕೆಂದೇ ಮಸಿ ಹಿಡಿಸುವುದು ಏಕೆ? ಲಾಟೀನಿನ ಗಾಜಿಗೆ ಮಸಿ ಹಿಡಿದರೆ ಒರೆಸುತ್ತೇವೆ, ಬಳಿಯುವುದಿಲ್ಲ.

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ವಸಡಿನ ಲೇಸರ್ ಅರ್ಧ ಅರ್ಥವಾದಂತೆ. ಲೇಸರ್ ಎಂಬ ಹೆಸರಿನ ಸುತ್ತ ಒಂದು ಮಾಯೆ ಕವಿದಿದೆ. ನೋವಿಲ್ಲ, ರಕ್ತವಿಲ್ಲ, ಹೊಲಿಗೆಯಿಲ್ಲ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದರಲ್ಲಿ ಸತ್ಯವೂ ಇದೆ. ಆದರೆ ಆ ಸತ್ಯ ಎಲ್ಲಿಂದ ಬರುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಒಳ್ಳೆಯ ಉಪಕರಣವೇ ಗಾಯ ಮಾಡುತ್ತದೆ.

ಬೆಳಕು ಎಲ್ಲಿ ನಿಲ್ಲುತ್ತದೆ

ಬೆಳಕು ಯಾವುದಾದರೂ ವಸ್ತುವಿನ ಮೇಲೆ ಬಿದ್ದರೆ ನಾಲ್ಕು ಸಂಗತಿ ನಡೆಯಬಹುದು. ವಾಪಸ್ಸು ಪ್ರತಿಫಲಿಸಬಹುದು. ಒಳಗೆ ಹೊಕ್ಕು ಚದುರಬಹುದು. ಆ ಕಡೆಯಿಂದ ಹೊರಗೆ ಹೋಗಬಹುದು. ಇಲ್ಲವೇ ವಸ್ತು ಅದನ್ನು ಹೀರಿಕೊಳ್ಳಬಹುದು. ಕೆಲಸಕ್ಕೆ ಬರುವುದು ಈ ಕೊನೆಯದು ಮಾತ್ರ. ಹೀರಿಕೊಂಡ ಬೆಳಕು ಬಿಸಿಯಾಗುತ್ತದೆ. ಬಿಸಿಲಲ್ಲಿ ಕಪ್ಪು ಬಟ್ಟೆ ಬೇಗ ಕಾಯುವುದು, ಬಿಳಿ ಬಟ್ಟೆ ಅಷ್ಟು ಕಾಯದಿರುವುದು ಇದೇ ಕಾರಣಕ್ಕೆ.

ವಸಡಿನಲ್ಲಿ ಬೆಳಕನ್ನು ಹೀರುವ ಮುಖ್ಯ ವಸ್ತುಗಳು ಮೂರು: ರಕ್ತದ ಕೆಂಪು ಬಣ್ಣವಾದ ಹಿಮೋಗ್ಲೋಬಿನ್, ಚರ್ಮ ಮತ್ತು ವಸಡಿಗೆ ಕಪ್ಪು ಛಾಯೆ ಕೊಡುವ ಮೆಲನಿನ್, ಮತ್ತು ನೀರು. ಹಲ್ಲು, ಮೂಳೆಗಳಲ್ಲಿ ಇನ್ನೊಂದಿದೆ, ಹೈಡ್ರಾಕ್ಸಿಅಪಟೈಟ್ ಎಂಬ ಖನಿಜ. ಯಾವ ಬೆಳಕನ್ನು ಯಾವುದು ಹೀರುತ್ತದೆ ಎಂಬುದು ಆ ಬೆಳಕಿನ ತರಂಗಾಂತರದ ಮೇಲೆ ನಿಂತಿದೆ. ಹಾಗಾಗಿ ಲೇಸರ್ ಎಂದರೆ ಒಂದೇ ಉಪಕರಣ ಅಲ್ಲ. ಬೇರೆ ಬೇರೆ ಗುಣದ ನಾಲ್ಕೈದು ಉಪಕರಣಗಳಿಗೆ ಇರುವ ಒಂದೇ ಹೆಸರು ಅದು.

ಇವತ್ತು ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಜಾಸ್ತಿ ಕಾಣುವುದು ಡಯೋಡ್ ಲೇಸರ್. 810, 940, 980 ನ್ಯಾನೋಮೀಟರ್ ಬೆಳಕು ಕೊಡುವ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ಇದು ಕಣ್ಣಿಗೆ ಕಾಣದ ಬೆಳಕು. ತುದಿಯಲ್ಲಿ ಕೆಂಪಗೆ ಕಾಣುವುದು ಗುರಿ ತೋರಿಸಲು ಜೊತೆಗೆ ಸೇರಿಸಿದ ಬೇರೆ ಬೆಳಕು. ಡಯೋಡ್ ಬೆಳಕನ್ನು ಮೆಲನಿನ್ ಮತ್ತು ಹಿಮೋಗ್ಲೋಬಿನ್ ಒಂದಷ್ಟು ಹೀರುತ್ತವೆ. ನೀರು ಕಡಿಮೆ ಹೀರುತ್ತದೆ. ವಸಡಿನಲ್ಲಿ ಇರುವುದು ಬಹುಪಾಲು ನೀರೇ. ಹಾಗಾಗಿ ಈ ಬೆಳಕು ಮೇಲೆಯೇ ನಿಲ್ಲದೆ ಕೆಲವು ಮಿಲಿಮೀಟರ್ ಆಳಕ್ಕೆ ಇಳಿದು ಚದುರಿಹೋಗುತ್ತದೆ. 1064 ನ್ಯಾನೋಮೀಟರ್‌ನ ನಿಯೋಡಿಮಿಯಂ ಯಾಗ್ ಲೇಸರ್‌ನ ಸ್ವಭಾವವೂ ಹೆಚ್ಚುಕಡಿಮೆ ಇದೇ.

ಕಾರ್ಬನ್ ಡೈಆಕ್ಸೈಡ್ ಲೇಸರ್ ಇದಕ್ಕೆ ತದ್ವಿರುದ್ಧ. ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು ಇದು. ಇದರ ತರಂಗಾಂತರ 10,600 ನ್ಯಾನೋಮೀಟರ್. ನೀರು ಇದನ್ನು ತಕ್ಷಣ ಹೀರಿಬಿಡುತ್ತದೆ. ಬೆಳಕು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತ ಆಳಕ್ಕೆ ಹೋಗುವುದೇ ಇಲ್ಲ. ಮುಟ್ಟದೆಯೇ, ದೂರದಿಂದಲೇ ಕತ್ತರಿಸುತ್ತದೆ. ಆದರೆ ಈ ಬೆಳಕನ್ನು ಸಾಮಾನ್ಯ ಗಾಜಿನ ಎಳೆಯಲ್ಲಿ ಸಾಗಿಸಲು ಆಗುವುದಿಲ್ಲ. ಕನ್ನಡಿಗಳಿರುವ ಮಡಚುವ ತೋಳೋ, ಟೊಳ್ಳು ನಳಿಗೆಯೋ ಬೇಕು. ಯಂತ್ರ ದೊಡ್ಡದು, ದುಬಾರಿಯೂ ಹೌದು.

2940 ನ್ಯಾನೋಮೀಟರ್‌ನ ಎರ್ಬಿಯಂ ಯಾಗ್ ಲೇಸರ್ ಅನ್ನು ನೀರು ಇನ್ನೂ ಜೋರಾಗಿ ಹೀರುತ್ತದೆ. ಅದು ಹಲ್ಲು, ಮೂಳೆ, ವಸಡು ಮೂರನ್ನೂ ಕತ್ತರಿಸಬಲ್ಲದು. ಸುತ್ತ ಬಿಸಿ ಹರಡುವುದು ಬಹಳ ಕಡಿಮೆ. ಅದೇ ಕಾರಣಕ್ಕೆ ರಕ್ತ ನಿಲ್ಲಿಸುವ ಶಕ್ತಿಯೂ ಕಡಿಮೆ. ಇದನ್ನು ಸ್ವಲ್ಪ ಗಮನಿಸಿ. ಬಿಸಿ ಹರಡದಿದ್ದರೆ ರಕ್ತನಾಳ ಮುಚ್ಚುವುದಿಲ್ಲ. ಬಿಸಿ ಜಾಸ್ತಿ ಹರಡಿದರೆ ಮಾಂಸ ಸುಡುತ್ತದೆ. ಲೇಸರ್ ಕೆಲಸವೆಲ್ಲ ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ನಡೆಯುತ್ತದೆ.

ಬಿಸಿಯ ಮೆಟ್ಟಿಲುಗಳು

ಮೈಯ ಬಿಸಿ 37 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಹತ್ತುತ್ತಾ ಹೋಗೋಣ. ಸುಮಾರು 60 ಡಿಗ್ರಿಯಲ್ಲಿ ಪ್ರೊಟೀನ್‌ಗಳು ಗಟ್ಟಿಯಾಗುತ್ತವೆ. ಬಿಸಿ ಬಾಣಲೆಗೆ ಬಿದ್ದ ಮೊಟ್ಟೆಯ ಲೋಳೆ ಬಿಳಿಯಾಗುವ ಹಾಗೆ ವಸಡು ಕೂಡ ಬಿಳಿಚಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಕುಗ್ಗಿ ಮುಚ್ಚಿಕೊಳ್ಳುವುದು ಈ ಹಂತದಲ್ಲೇ. 100 ಡಿಗ್ರಿಯಲ್ಲಿ ಜೀವಕೋಶಗಳ ಒಳಗಿನ ನೀರು ಕುದಿದು ಆವಿಯಾಗುತ್ತದೆ. ಕೋಶ ಒಡೆಯುತ್ತದೆ. ನಾವು ಕತ್ತರಿಸುವುದು ಅನ್ನುವುದು ಇದನ್ನೇ. ನೀರೆಲ್ಲ ಹೋದ ಮೇಲೂ ಬಿಸಿ ಮುಂದುವರಿದರೆ 200 ಡಿಗ್ರಿ ದಾಟಿದಂತೆ ಇದ್ದಿಲು ಉಳಿಯುತ್ತದೆ.

ಇದ್ದಿಲು ಬಂದರೆ ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಕಪ್ಪು ಬಣ್ಣ ಎಲ್ಲ ಬೆಳಕನ್ನೂ ಹೀರುತ್ತದೆ. ಇನ್ನಷ್ಟು ಕಾಯುತ್ತದೆ. ಆ ಬಿಸಿ ಸುತ್ತಲ ಒಳ್ಳೆಯ ಮಾಂಸಕ್ಕೆ ಇಳಿಯುತ್ತದೆ. ಹಾಗಾಗಿ ಕೆಲಸ ಮುಗಿದ ಜಾಗ ಕಪ್ಪಗೆ ಕಂಡರೆ ಅದು ಸಾಮರ್ಥ್ಯದ ಗುರುತಲ್ಲ. ಶಕ್ತಿ ಜಾಸ್ತಿಯಾಗಿತ್ತು, ಇಲ್ಲವೇ ಕೈ ಒಂದೇ ಕಡೆ ನಿಂತಿತ್ತು ಎಂದರ್ಥ.

ಬಿಸಿ ಪಕ್ಕಕ್ಕೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಹಳೆಯ ಅಂಕಿಗಳನ್ನು ದಂತವೈದ್ಯರು ಮರೆಯುವುದಿಲ್ಲ. 1965ರಲ್ಲಿ ಜಾಕ್ ಮತ್ತು ಕೋಹೆನ್ ಎಂಬ ಸಂಶೋಧಕರು ಮಂಗಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿದರು. ಹಲ್ಲಿನ ಒಳಗಿನ ನರದ ಭಾಗ ಕೇವಲ 5.5 ಡಿಗ್ರಿ ಬಿಸಿಯೇರಿದರೂ ಅಂಥ ಹಲ್ಲುಗಳಲ್ಲಿ ಶೇ. 15ರಷ್ಟರಲ್ಲಿ ಅದು ಸತ್ತುಹೋಗಿತ್ತು. 1983ರಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೂಳೆಯ ಬಗ್ಗೆ ತೋರಿಸಿದ್ದು, 47 ಡಿಗ್ರಿ ಬಿಸಿ ಒಂದು ನಿಮಿಷ ಉಳಿದರೆ ಸಾಕು, ಮೂಳೆಗೆ ಪೆಟ್ಟು ಬೀಳುತ್ತದೆ ಎಂದು. ವಸಡು ತೆಳ್ಳಗಿನ ಹೊದಿಕೆ. ಅದರ ಹಿಂದೆಯೇ ಮೂಳೆ ಇದೆ, ಪಕ್ಕದಲ್ಲೇ ಹಲ್ಲಿನ ಬೇರು ಇದೆ. ಮೇಲೆ 100 ಡಿಗ್ರಿ ಬೇಕು, ಒಂದೆರಡು ಮಿಲಿಮೀಟರ್ ಆಚೆ 47 ದಾಟಬಾರದು. ನನ್ನ ಮಟ್ಟಿಗೆ ಈ ಕೆಲಸದ ಕುಶಲತೆ ಎಂದರೆ ಇಷ್ಟೇ, ಮತ್ತು ಇದು ಸಣ್ಣದಲ್ಲ.

ಕಪ್ಪು ತುದಿಯ ಗುಟ್ಟು

ಈಗ ಬಿರಡೆಗೆ ವಾಪಸ್ಸು ಬರೋಣ. ಡಯೋಡ್ ಬೆಳಕು ವಸಡಿನ ನೀರಿನಲ್ಲಿ ನಿಲ್ಲುವುದಿಲ್ಲ ಎಂದೆವು. ಹಾಗಿದ್ದರೆ ಸ್ವಚ್ಛವಾದ ತುದಿಯಿಂದ ಬಂದ ಬೆಳಕು ಮೇಲ್ಮೈಯನ್ನು ಚೆನ್ನಾಗಿ ಕತ್ತರಿಸುವುದಿಲ್ಲ. ಒಳಗೆ ಇಳಿದು, ಚದುರಿ, ಆಳದಲ್ಲಿ ಸುಮ್ನೆ ಬಿಸಿ ಮಾಡುತ್ತಾ ಹೋಗುತ್ತದೆ. ವೈದ್ಯರಿಗೆ ಬೇಕಾದದ್ದು ಇದರ ಉಲ್ಟಾ: ಮೇಲೆ ತೀಕ್ಷ್ಣ ಬಿಸಿ, ಒಳಗೆ ತಂಪು.

ಅದಕ್ಕೇ ಮಸಿ. ತುದಿಗೆ ಕರಿ ಅಂಟಿದ ಮೇಲೆ ಬೆಳಕಿನ ದೊಡ್ಡ ಪಾಲನ್ನು ಆ ಕರಿಯೇ ಹೀರಿಬಿಡುತ್ತದೆ. ಗಾಜಿನ ತುದಿ ನೂರಾರು ಡಿಗ್ರಿ ಕಾಯುತ್ತದೆ. ಆ ಕಾದ ತುದಿ ವಸಡನ್ನು ಮುಟ್ಟಿದಲ್ಲಿ ನೀರು ಆವಿಯಾಗಿ ಮಾಂಸ ಬೇರ್ಪಡುತ್ತದೆ. ಅಂದರೆ ಇಲ್ಲಿ ಕತ್ತರಿಸುತ್ತಿರುವುದು ಬೆಳಕಲ್ಲ, ಬೆಳಕಿನಿಂದ ಕಾದ ಗಾಜು.

ಇದನ್ನು ಕೇಳಿದವರು ಹಾಗಾದರೆ ಇದು ಕಾದ ಕಬ್ಬಿಣಕ್ಕಿಂತ ಹೇಗೆ ಬೇರೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತತ್ವದಲ್ಲಿ ಅಷ್ಟೊಂದು ಬೇರೆ ಅಲ್ಲ. ಅಳತೆಯಲ್ಲಿ ಬಹಳ ಬೇರೆ. ಕಾದ ಭಾಗ ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟು ಮಾತ್ರ. ಪೆಡಲ್ ಬಿಟ್ಟರೆ ಬೇಗ ತಣಿಯುತ್ತದೆ. ಶಕ್ತಿಯನ್ನು ವಾಟ್‌ನ ಹತ್ತನೇ ಭಾಗದಷ್ಟು ನಿಖರವಾಗಿ ಏರಿಸಿ ಇಳಿಸಬಹುದು. ಹೈ ಫ್ರೀಕ್ವೆನ್ಸಿ ವಿದ್ಯುತ್ತಿನಿಂದ ವಸಡು ಕತ್ತರಿಸುವ ಹಳೆಯ ಪದ್ಧತಿಯಲ್ಲಿ ಕರೆಂಟು ರೋಗಿಯ ಮೈಯಲ್ಲಿ ಹರಿಯುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಅದರಿಂದ ತೊಂದರೆಯಾಗಬಹುದು. ಲೇಸರ್‌ನಲ್ಲಿ ಮೈಯೊಳಗೆ ಕರೆಂಟಿನ ಹರಿವು ಇಲ್ಲ. ಈ ವ್ಯತ್ಯಾಸಗಳು ಸಣ್ಣವಲ್ಲ. ಆದರೂ ಇದು ಬೆಳಕಿನ ಪವಾಡ ಎಂದು ರೋಗಿಗೆ ಹೇಳುವುದಕ್ಕಿಂತ ಇದು ಬಹಳ ನಾಜೂಕಾದ ಬಿಸಿ ತುದಿ ಎಂದು ಹೇಳುವುದೇ ಸರಿ ಎಂದು ನನಗೆ ಅನ್ನಿಸುತ್ತದೆ.

ಹಾಗೆ ಅರ್ಥ ಮಾಡಿಕೊಂಡರೆ ಕೈಯ ನಡೆಯೂ ಬದಲಾಗುತ್ತದೆ. ಬ್ಲೇಡ್ ಹಿಡಿದು ಅಭ್ಯಾಸವಾದ ಕೈ ಒತ್ತುತ್ತದೆ. ಲೇಸರ್ ಹಿಡಿದಾಗ ಒತ್ತಬಾರದು. ಕುಂಚದಿಂದ ಬಣ್ಣ ಸವರಿದ ಹಾಗೆ ಹಗುರವಾಗಿ, ನಿಲ್ಲದೆ ಎಳೆಯಬೇಕು. ನಿಂತರೆ ಬಿಸಿ ಇಳಿಯುತ್ತದೆ. ತುದಿಗೆ ಮಾಂಸದ ಚೂರು ಅಂಟಿದರೆ ಒದ್ದೆ ಮಾಡಿದ ಗಾಯದ ಪಟ್ಟಿ ಬಟ್ಟೆಯಲ್ಲಿ ಒರೆಸಬೇಕು. ಇಲ್ಲದಿದ್ದರೆ ಆ ಚೂರೂ ಕಾದು ಎಳೆದಾಡುತ್ತದೆ. ಸಾಮಾನ್ಯ ವಸಡಿನ ಕೆಲಸಕ್ಕೆ ಒಂದು ವಾಟ್ ಆಸುಪಾಸಿನ ಶಕ್ತಿ ಸಾಕಾಗುತ್ತದೆ. ಬೇಗ ಮುಗಿಯಲಿ ಎಂದು ಏರಿಸುವ ಆಸೆ ಬರುತ್ತದೆ, ಹೊಸದಾಗಿ ಕಲಿಯುವವರಿಗೆ ಇನ್ನೂ ಜಾಸ್ತಿ. ಕತ್ತರಿಸದಿದ್ದಾಗ ಮೊದಲು ನೋಡಬೇಕಾದದ್ದು ವಾಟ್ ಅಲ್ಲ, ತುದಿಯ ಮಸಿ. ಅದು ಉದುರಿಹೋಗಿದ್ದರೆ ಬೆಳಕು ಮತ್ತೆ ಆಳಕ್ಕೆ ಇಳಿಯುತ್ತಿರುತ್ತದೆ. ಆಗ ಶಕ್ತಿ ಏರಿಸಿದರೆ ಕಣ್ಣಿಗೆ ಕಾಣದ ಕಡೆ ಸುಡುತ್ತೀರಿ.

ಬೆಳಕನ್ನು ಬಿಟ್ಟು ಬಿಟ್ಟು ಕೊಡುವ ಪದ್ಧತಿಯೂ ಇದೇ ಉದ್ದೇಶಕ್ಕೆ. ಸೆಕೆಂಡಿನ ಸಣ್ಣ ಪಾಲು ಹೊತ್ತು ಉರಿದು, ಅಷ್ಟೇ ಹೊತ್ತು ಆರುತ್ತದೆ. ಆ ನಡುವಿನ ಬಿಡುವಿನಲ್ಲಿ ಮಾಂಸ ತಣಿಯುತ್ತದೆ. ಹತ್ತಿರ ಹಿಡಿದ ಸಕ್ಷನ್ ಹೊಗೆಯ ಜೊತೆ ಬಿಸಿಯನ್ನೂ ಒಂದಿಷ್ಟು ಎಳೆದುಕೊಳ್ಳುತ್ತದೆ.

ಅದೇ ಯಂತ್ರವನ್ನು ಮಸಿ ಇಲ್ಲದ ತುದಿಯಿಂದಲೂ ಬಳಸುವುದಿದೆ. ಆಗ ಕೆಲಸ ಮಾಡುವುದು ನಿಜವಾಗಿ ಬೆಳಕೇ. ವಯಸ್ಸಾದವರ ತುಟಿಯ ಮೇಲೆ ಕೆಲವೊಮ್ಮೆ ನೇರಳೆ ಬಣ್ಣದ ಮೆತ್ತನೆಯ ಗುಳ್ಳೆ ಕಾಣುತ್ತದೆ. ಅದು ಹಿಗ್ಗಿದ ರಕ್ತನಾಳ, ವೀನಸ್ ಲೇಕ್ ಎನ್ನುತ್ತಾರೆ. ಬ್ಲೇಡ್ ಹಾಕಿದರೆ ರಕ್ತ ಹರಿಯುತ್ತದೆ. ಸ್ವಚ್ಛ ತುದಿಯನ್ನು ಮುಟ್ಟಿಸದೆ ಮೇಲಿನಿಂದ ಬೆಳಕು ಬಿಟ್ಟರೆ ಒಳಗಿನ ರಕ್ತ ಆ ಬೆಳಕನ್ನು ಹೀರಿ ಹೆಪ್ಪುಗಟ್ಟುತ್ತದೆ. ಗುಳ್ಳೆ ಕಣ್ಣೆದುರೇ ಬಿಳಿಚಿ ಕುಗ್ಗುತ್ತದೆ. ವಸಡು ಕತ್ತರಿಸುವಾಗ ತೊಂದರೆಯಾಗಿದ್ದ ಆಳದ ಹರಿವು ಇಲ್ಲಿ ವರವಾಗುತ್ತದೆ. ಡಯೋಡ್ ಅನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕೆಲಸ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ದಿನದ ಕೆಲಸದಲ್ಲಿ

ದೊಡ್ಡ ಶಸ್ತ್ರಚಿಕಿತ್ಸೆಗಿಂತ ಸಣ್ಣ ಸಣ್ಣ ಅಡಚಣೆಗಳನ್ನು ನಿವಾರಿಸುವುದರಲ್ಲೇ ಈ ಲೇಸರ್ ಬೆಲೆ ಗೊತ್ತಾಗುತ್ತದೆ. ಕ್ಯಾಪ್ ಹಾಕಲು ಹಲ್ಲಿನ ಅಳತೆ ತೆಗೆಯುವಾಗ ಕೊರೆದ ಅಂಚು ವಸಡಿನ ಒಳಗೆ ಅಡಗಿರುತ್ತದೆ. ಮೊದಲೆಲ್ಲ ಔಷಧಿ ಹಚ್ಚಿದ ದಾರವನ್ನು ವಸಡಿನ ಸಂದಿಗೆ ತುರುಕಿ ಜಾಗ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಲೇಸರ್ ತುದಿಯಿಂದ ಹಲ್ಲಿನ ಸುತ್ತ ಸಣ್ಣ ಕಾಲುವೆ ತೆಗೆದರೆ ಅಂಚು ಕಾಣುತ್ತದೆ, ರಕ್ತವೂ ಇರುವುದಿಲ್ಲ. ಅಳತೆಗೆ ರಕ್ತ ದೊಡ್ಡ ಶತ್ರು. ವಸಡಿನ ಕೆಳಗೆ ಇಳಿದ ಹುಳುಕನ್ನು ತುಂಬುವಾಗಲೂ ಹೀಗೆಯೇ. ಹಲ್ಲಿನ ಬಣ್ಣದ ಫಿಲ್ಲಿಂಗ್ ಅಂಟಬೇಕಾದರೆ ಜಾಗ ಒಣಗಿರಲೇಬೇಕು.

ಬ್ರೇಸಸ್ ಹಾಕಿದವರಲ್ಲಿ ಎಷ್ಟೋ ಸಲ ಕೋರೆಹಲ್ಲು ಹೊರಗೆ ಬರದೆ ವಸಡಿನ ಹಿಂದೆ ಕಾಯುತ್ತಿರುತ್ತದೆ. ಮೇಲೆ ಮೂಳೆ ಇಲ್ಲದೆ ವಸಡು ಮಾತ್ರ ಮುಚ್ಚಿದ್ದರೆ, ಲೇಸರ್‌ನಿಂದ ಕಿಟಕಿ ತೆರೆದು ಅದೇ ದಿನ ಬ್ರಾಕೆಟ್ ಅಂಟಿಸಿಬಿಡಬಹುದು. ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಕೆನ್ನೆ ಕಚ್ಚಿಕೊಂಡು ಕಚ್ಚಿಕೊಂಡು ಬೆಳೆದ ಗಂಟನ್ನು ಚಿಮಟದಲ್ಲಿ ಎತ್ತಿ ಹಿಡಿದು ಬುಡದಲ್ಲಿ ಬಿಡಿಸುವುದು ಕೆಲವೇ ನಿಮಿಷದ ಕೆಲಸ. ಹೆಚ್ಚಿನ ಸಲ ಹೊಲಿಗೆ ಬೇಕಾಗುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಫಿನೈಟೋಯಿನ್, ಅಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್, ರಕ್ತದೊತ್ತಡದ ಅಮ್ಲೋಡಿಪಿನ್‌ನಂಥ ಔಷಧಿಗಳಿಂದ ಕೆಲವರ ವಸಡು ಹಲ್ಲನ್ನೇ ಮುಚ್ಚುವಷ್ಟು ಬೆಳೆಯುತ್ತದೆ. ಅದನ್ನು ಬ್ಲೇಡಿನಿಂದ ತೆಗೆದರೆ ರಕ್ತ ಬಹಳ. ಲೇಸರ್ ಇಲ್ಲಿ ದೊಡ್ಡ ಸಹಾಯ. ಆದರೆ ಔಷಧಿ ಮುಂದುವರಿದು, ಹಲ್ಲಿನ ಮೇಲಿನ ಪಾಚಿಯೂ ಉಳಿದರೆ ವಸಡು ಮತ್ತೆ ಬೆಳೆಯುತ್ತದೆ. ಔಷಧಿ ಬದಲಿಸಬಹುದೇ ಎಂದು ಅದನ್ನು ಬರೆದ ವೈದ್ಯರನ್ನು ಕೇಳಬೇಕು, ರೋಗಿ ತಾನೇ ನಿಲ್ಲಿಸಬಾರದು. ಹಲ್ಲುಜ್ಜುವುದನ್ನು ಮತ್ತೆ ಕಲಿಸಬೇಕು. ಇದನ್ನು ಲೇಸರ್ ಮಾಡಲಾರದು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದರಿಂದ ನೆಮ್ಮದಿ. ಸುಮಾರು ಅರ್ಧ ಮಿಲಿಮೀಟರ್ ಅಗಲದವರೆಗಿನ ನಾಳಗಳು ಕತ್ತರಿಸುವಾಗಲೇ ಮುಚ್ಚಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ನಾಳ ಸಿಕ್ಕರೆ ಲೇಸರ್ ಕೈಬಿಡುತ್ತದೆ. ಆಗ ಒತ್ತಿ ಹಿಡಿಯುವುದು, ಹೊಲಿಯುವುದು, ಹಳೆಯ ವಿದ್ಯೆಯೇ ಬೇಕು.

ನೋವಿನ ಮಾತು. ಕೆಲವು ಸಣ್ಣ ಕೆಲಸಗಳಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಸಾಕು. ಹೆಚ್ಚಿನವಕ್ಕೆ ಇಂಜೆಕ್ಷನ್ ಬೇಕೇ ಬೇಕು. ಕಾದ ತುದಿ ಮುಟ್ಟಿದರೆ ನೋವಾಗದೆ ಇರುತ್ತದೆಯೇ? ಇಂಜೆಕ್ಷನ್ ಬೇಡವೇ ಬೇಡ ಎಂದು ಮೊದಲೇ ಮಾತು ಕೊಡುವುದು ರೋಗಿಗೆ ಮಾಡುವ ಅನ್ಯಾಯ.

ಕೈ ತಡೆಯಬೇಕಾದ ಜಾಗ

ಉಪಕರಣ ಸುಲಭವಾದಷ್ಟೂ ಬೇಡದ ಕಡೆ ಬಳಸುವ ಅಪಾಯ ಜಾಸ್ತಿ. ಇದನ್ನು ಹೇಳದೆ ಈ ಲೇಖನ ಬರೆಯಲು ನನಗೆ ಮನಸ್ಸಿಲ್ಲ.

ನಕ್ಕಾಗ ವಸಡು ಜಾಸ್ತಿ ಕಾಣುತ್ತದೆ, ಸ್ವಲ್ಪ ಮೇಲೇರಿಸಿ ಎಂದು ಕೇಳುವವರಿದ್ದಾರೆ. ಲೇಸರ್‌ನಲ್ಲಿ ಹತ್ತು ನಿಮಿಷದ ಕೆಲಸದಂತೆ ಕಾಣುತ್ತದೆ. ಆದರೆ ವಸಡಿನ ಅಂಚಿಗೂ ಅದರ ಕೆಳಗಿನ ಮೂಳೆಗೂ ನಡುವೆ ದೇಹ ಇಂತಿಷ್ಟು ಜಾಗ ಬೇಕೆಂದು ಇಟ್ಟುಕೊಂಡಿದೆ. 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಇದನ್ನು ಅಳೆದರು. ವಸಡು ಹಲ್ಲಿಗೆ ಅಂಟಿಕೊಂಡ ಭಾಗ ಸರಾಸರಿ 2.04 ಮಿಲಿಮೀಟರ್. ಮೇಲೆ ಅಂಟದೆ ಬಿಟ್ಟ ಸಂದಿ 0.69. ಎರಡೂ ಸೇರಿ ಸುಮಾರು 3 ಮಿಲಿಮೀಟರ್. ಆ ಜಾಗ ಉಳಿಸಿ, ಅದಕ್ಕಿಂತ ಮೇಲೆ ಹೆಚ್ಚುವರಿ ವಸಡು ಇದ್ದರೆ ಮಾತ್ರ ಲೇಸರ್‌ನಿಂದ ತೆಗೆಯಬಹುದು. ಇಲ್ಲದಿದ್ದರೆ ಮೂಳೆಯನ್ನೂ ತಿದ್ದಬೇಕು, ಅದು ಬೇರೆಯದೇ ಶಸ್ತ್ರಚಿಕಿತ್ಸೆ. ಅಳೆಯದೆ ಕತ್ತರಿಸಿದರೆ ದೇಹ ತನ್ನ ಜಾಗವನ್ನು ವಾಪಸ್ಸು ಪಡೆಯುತ್ತದೆ. ವಸಡು ಮತ್ತೆ ಇಳಿಯುತ್ತದೆ, ಇಲ್ಲವೇ ಸದಾ ಕೆಂಪಗೆ ಊದಿಕೊಂಡೇ ಉಳಿಯುತ್ತದೆ. ಅಳತೆ ಕಡ್ಡಿಯನ್ನು ಮರಗಟ್ಟಿದ ವಸಡಿನ ಮೂಲಕ ಮೂಳೆ ಮುಟ್ಟುವವರೆಗೆ ಇಳಿಸಿ ನೋಡಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷ ಉಳಿಸಲು ಹೋಗಿ ರೋಗಿಯ ನಗುವನ್ನೇ ಕೆಡಿಸುವುದು ನೋಡಿದರೆ ನೋವಾಗುತ್ತದೆ.

ಮಕ್ಕಳ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸಂದಿ ಇದ್ದರೆ ತುಟಿಯ ಒಳಗಿನ ಪಟ್ಟಿಯನ್ನು ಕತ್ತರಿಸಿಬಿಡಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಬಹಳ ಮಕ್ಕಳಲ್ಲಿ ಶಾಶ್ವತ ಕೋರೆಹಲ್ಲುಗಳು ಬಂದಾಗ, ಅಂದರೆ ಸುಮಾರು 11–12ನೇ ವಯಸ್ಸಿನಲ್ಲಿ, ಆ ಸಂದಿ ತಾನಾಗಿಯೇ ಮುಚ್ಚುತ್ತದೆ. ಕಾಯುವುದೂ ಚಿಕಿತ್ಸೆಯೇ. ಎಳೆಗೂಸಿನ ನಾಲಿಗೆ ಕಟ್ಟಿನ ವಿಷಯದಲ್ಲೂ ಅಷ್ಟೇ. ನಾಲಿಗೆಯ ಕೆಳಗೆ ಪಟ್ಟಿ ಕಾಣುತ್ತದೆ ಎಂಬುದೊಂದೇ ಕಾರಣ ಸಾಲದು. ಹಾಲು ಕುಡಿಯಲು ತೊಂದರೆ ಇದೆಯೇ, ಹಾಲೂಡಿಸುವ ಭಂಗಿ ತಿದ್ದಿದರೆ ಸರಿಹೋಗುತ್ತದೆಯೇ ಎಂದು ಮೊದಲು ನೋಡಬೇಕು. ನಿಜವಾಗಿ ಬೇಕಿದ್ದ ಮಗುವಿಗೆ ಅದನ್ನು ಬಿಡಿಸಿದರೆ ತಾಯಿಗೂ ಮಗುವಿಗೂ ದೊಡ್ಡ ಸಮಾಧಾನ ಸಿಗುತ್ತದೆ. ಅದೂ ಸತ್ಯವೇ.

ಬುದ್ಧಿಹಲ್ಲಿನ ಮೇಲೆ ಮುಚ್ಚಿದ ವಸಡಿನ ಮಡಿಕೆ ಪದೇ ಪದೇ ಊದುತ್ತಿದ್ದರೆ ಅದನ್ನು ಲೇಸರ್‌ನಲ್ಲಿ ತೆಗೆಯಬಹುದು. ಹಲ್ಲು ಪೂರ್ತಿ ಹೊರಬರುವಷ್ಟು ಜಾಗ ಇದ್ದರೆ ಸರಿ. ಇಲ್ಲದಿದ್ದರೆ ಮಡಿಕೆ ಮತ್ತೆ ಬೆಳೆಯುತ್ತದೆ. ಅಲ್ಲಿ ತೆಗೆಯಬೇಕಾದದ್ದು ಹಲ್ಲನ್ನು.

ಕಪ್ಪು ವಸಡನ್ನು ಗುಲಾಬಿ ಮಾಡುವ ಬೇಡಿಕೆಯೂ ಇದೆ. ವಸಡಿನ ಕಪ್ಪು ಹೆಚ್ಚಿನವರಲ್ಲಿ ಮೆಲನಿನ್‌ನ ಸಹಜ ಬಣ್ಣ, ರೋಗ ಅಲ್ಲ. ಲೇಸರ್ ಅದನ್ನು ತೆಗೆಯಬಲ್ಲದು, ಎಷ್ಟೋ ಸಲ ಅದು ವಾಪಸ್ಸೂ ಬರುತ್ತದೆ. ಕೇಳಿದವರಿಗೆ ಇದನ್ನು ವಿವರಿಸಿ, ನಿರ್ಧಾರ ಅವರಿಗೇ ಬಿಡಬಹುದು. ಕೇಳದವರಿಗೆ ನಿಮ್ಮ ವಸಡು ಕಪ್ಪಗಿದೆ ಎಂದು ತಾವಾಗಿಯೇ ಹೇಳಿ ಕೊರಗು ಹುಟ್ಟಿಸುವುದು ತಪ್ಪು.

ಹಲ್ಲಿನ ಸುತ್ತ ಮೂಳೆ ಕರಗುವ ವಸಡಿನ ರೋಗಕ್ಕೆ ಲೇಸರ್ ಹಾಕಿದರೆ ವಾಸಿ ಎಂಬ ಭರವಸೆಯನ್ನು ಹುಷಾರಾಗಿ ನೋಡಬೇಕು. ಅಲ್ಲಿ ರೋಗದ ಮೂಲ ಬೇರಿನ ಮೇಲೆ ಗಟ್ಟಿಯಾಗಿ ಕೂತ ಕಿಟ್ಟ ಮತ್ತು ಪಾಚಿ. ಅದನ್ನು ಕೆರೆದು ತೆಗೆಯಬೇಕು. ಡಯೋಡ್ ಕಿಟ್ಟವನ್ನು ತೆಗೆಯುವುದಿಲ್ಲ. ಅಮೆರಿಕದ ದಂತವೈದ್ಯರ ಸಂಘ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಆಳದ ಸ್ವಚ್ಛತೆಯೇ ಮೊದಲ ಚಿಕಿತ್ಸೆ.

ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಬದಲಿಗೆ ಮೂಳೆಯಲ್ಲಿ ಕೂರಿಸಿದ ಲೋಹದ ಬೇರು; ಅದರ ಮೇಲೆ ಮುಚ್ಚಿದ ವಸಡನ್ನು ತೆರೆಯಲು ಡಯೋಡ್ ಬಳಸುತ್ತಾರೆ. ಬಹಳ ಎಚ್ಚರ ಬೇಕು. ಟೈಟಾನಿಯಂ ಕಾದರೆ ಆ ಬಿಸಿ ನೇರ ಮೂಳೆಗೆ ಹೋಗುತ್ತದೆ. ನಿಯೋಡಿಮಿಯಂ ಯಾಗ್ ಲೇಸರ್ ಇಂಪ್ಲಾಂಟ್‌ನ ಮೇಲ್ಮೈಯನ್ನೇ ಕರಗಿಸಬಲ್ಲದು.

ಎಲ್ಲಕ್ಕಿಂತ ಗಂಭೀರವಾದದ್ದು ಇದು: ಏನೆಂದು ಗೊತ್ತಿಲ್ಲದ ಮಚ್ಚೆಯನ್ನು ಸುಟ್ಟು ಆವಿ ಮಾಡಬಾರದು. ಬಾಯಲ್ಲಿ ಬಿಳಿ ಅಥವಾ ಕೆಂಪು ಪಟ್ಟೆ ಇದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ಅದು ಕ್ಯಾನ್ಸರ್ ಇರಬಹುದೇ ಎಂದು ಪರೀಕ್ಷೆ ಆಗಬೇಕು. ಸುಟ್ಟುಬಿಟ್ಟರೆ ಪರೀಕ್ಷೆಗೆ ಉಳಿಯುವುದೇನು? ಲೇಸರ್‌ನಿಂದ ತುಂಡು ತೆಗೆದರೂ ಅಂಚು ಬೆಂದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಆ ಅಂಚನ್ನು ಓದಲು ಆಗುವುದಿಲ್ಲ. ಅನುಮಾನ ಇರುವ ಕಡೆ ಬ್ಲೇಡೇ ಒಳ್ಳೆಯದು. ಕೆನ್ನೆಯ ಮಾಮೂಲಿ ಗಂಟನ್ನು ತೆಗೆಯುವಾಗಲೂ ಸುತ್ತಲ ಒಳ್ಳೆಯ ಮಾಂಸವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ, ತುಂಡನ್ನು ಲ್ಯಾಬ್‌ಗೆ ಕಳಿಸಲೇಬೇಕು. ನೋಡಿದರೇ ಗೊತ್ತಾಗುತ್ತದೆ ಎಂಬ ಧೈರ್ಯ ಇಲ್ಲಿ ಬೇಡ.

ಕಣ್ಣು ಮತ್ತು ಹೊಗೆ

ವಸಡು ಕತ್ತರಿಸುವ ಲೇಸರ್‌ಗಳು ನಾಲ್ಕನೇ ವರ್ಗಕ್ಕೆ ಸೇರುತ್ತವೆ. ಅರ್ಧ ವಾಟ್‌ಗಿಂತ ಹೆಚ್ಚು ಶಕ್ತಿಯ, ಅತಿ ಅಪಾಯದ ವರ್ಗ ಅದು. 400ರಿಂದ 1400 ನ್ಯಾನೋಮೀಟರ್ ನಡುವಿನ ಬೆಳಕನ್ನು ಕಣ್ಣಿನ ಮಸೂರ ಒಂದೇ ಚುಕ್ಕೆಗೆ ಕೂಡಿಸಿ ರೆಟಿನಾದ ಮೇಲೆ ಹಾಕುತ್ತದೆ. ಡಯೋಡ್ ಇರುವುದು ಇದೇ ಸಾಲಿನಲ್ಲಿ. ಬೆಳಕು ಕಣ್ಣಿಗೆ ಕಾಣದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಕಾರ್ಬನ್ ಡೈಆಕ್ಸೈಡ್ ಮತ್ತು ಎರ್ಬಿಯಂ ಬೆಳಕು ರೆಟಿನಾವರೆಗೆ ಹೋಗದೆ ಕಾರ್ನಿಯಾವನ್ನು ಸುಡುತ್ತದೆ.

ಅದಕ್ಕೇ ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ ಬೇಕು. ವೈದ್ಯರಿಗೆ, ಸಹಾಯಕರಿಗೆ, ರೋಗಿಗೆ, ಜೊತೆಗೆ ಬಂದು ಮೂಲೆಯಲ್ಲಿ ಕೂತ ತಾಯಿಗೆ. ಯಾವುದೋ ಬಣ್ಣದ ಕನ್ನಡಕ ಆಗುವುದಿಲ್ಲ. ಅದರ ಮೇಲೆ ಬರೆದ ತರಂಗಾಂತರ ಯಂತ್ರದ ತರಂಗಾಂತರಕ್ಕೆ ಹೊಂದಬೇಕು. ನೀವು ರೋಗಿಯಾಗಿದ್ದರೆ, ಲೇಸರ್ ಶುರುವಾಗುವ ಮುಂಚೆ ಕನ್ನಡಕ ಕೊಡದಿದ್ದರೆ ಕೇಳಿ. ಸಂಕೋಚ ಬೇಡ.

ಹೊಗೆ ಬರೀ ವಾಸನೆಯ ವಿಷಯ ಅಲ್ಲ. ಸುಟ್ಟ ಮಾಂಸದ ಹೊಗೆಯಲ್ಲಿ ವಿಷಕಾರಿ ಅನಿಲಗಳು ಇರುತ್ತವೆ. ವೈರಸ್‌ನ ಅಂಶಗಳೂ ಸಿಕ್ಕಿವೆ, ಅದರಲ್ಲೂ ನರುಲಿ ಉಂಟುಮಾಡುವ ಪ್ಯಾಪಿಲೋಮಾ ವೈರಸ್. ಜೋರಾದ ಸಕ್ಷನ್ ಗಾಯದ ಪಕ್ಕದಲ್ಲೇ ಇರಬೇಕು, ಮಾಸ್ಕ್ ಕೂಡ ಸಣ್ಣ ಕಣ ತಡೆಯುವಂಥದ್ದಾಗಿರಬೇಕು. ಸ್ಪಿರಿಟ್ ಇರುವ ದ್ರವ, ಆಮ್ಲಜನಕ ಹರಿಯುವ ನಳಿಗೆ ಹತ್ತಿರ ಇದ್ದರೆ ಬೆಂಕಿಯ ಅಪಾಯ.

ಮನೆಗೆ ಹೋದ ಮೇಲೆ

ಬ್ಲೇಡಿನ ಗಾಯವನ್ನು ಹೊಲಿದು ಅಂಚಿಗೆ ಅಂಚು ಕೂಡಿಸುತ್ತಾರೆ. ಲೇಸರ್ ಗಾಯವನ್ನು ತೆರೆದೇ ಬಿಡುತ್ತಾರೆ. ಅದು ಕೆಳಗಿನಿಂದ ತುಂಬುತ್ತಾ ಬರಬೇಕು. ಹಾಗಾಗಿ ಲೇಸರ್ ಗಾಯ ಬೇಗ ಮಾಯುತ್ತದೆ ಎಂಬುದು ಯಾವಾಗಲೂ ನಿಜ ಅಲ್ಲ. ಬೆಂದ ಪದರ ಉದುರಬೇಕಾದ್ದರಿಂದ ಮೊದಲ ಕೆಲವು ದಿನ ಬ್ಲೇಡಿನ ಗಾಯಕ್ಕಿಂತ ನಿಧಾನವೂ ಆಗಬಹುದು. ಆದರೆ ಗಾಯ ಎಳೆದುಕೊಂಡು ಕುಗ್ಗುವುದು ಕಡಿಮೆ, ಗಡುಸು ಕಲೆ ಉಳಿಯುವುದೂ ಕಡಿಮೆ. ತುಟಿ, ನಾಲಿಗೆಯಂಥ ಸದಾ ಅಲುಗಾಡುವ ಕಡೆ ಇದು ದೊಡ್ಡ ಲಾಭ.

ಎರಡನೆಯ, ಮೂರನೆಯ ದಿನ ಗಾಯದ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆ ಕಟ್ಟುತ್ತದೆ. ಕನ್ನಡಿಯಲ್ಲಿ ನೋಡಿದವರು ಕೀವಾಗಿದೆ ಎಂದು ಹೆದರುತ್ತಾರೆ. ಕೀವಲ್ಲ, ಅದು ಫೈಬ್ರಿನ್, ದೇಹವೇ ಹಾಕಿಕೊಂಡ ಬ್ಯಾಂಡೇಜ್. ಉಜ್ಜಿ ತೆಗೆಯಬಾರದು. ಖಾರ, ಹುಳಿ, ಸುಡುವ ಬಿಸಿ ಕೆಲವು ದಿನ ಬೇಡ. ಗಾಯವನ್ನು ಬಿಟ್ಟು ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು. ಒಂದೆರಡು ವಾರದಲ್ಲಿ ಹೊಸ ಚರ್ಮ ಮುಚ್ಚುತ್ತದೆ. ನೋವು ದಿನದಿಂದ ದಿನಕ್ಕೆ ಇಳಿಯುವ ಬದಲು ಏರುತ್ತಾ ಹೋದರೆ, ಊತ ಹೆಚ್ಚಿದರೆ, ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮುಂದಿನ ಹಲ್ಲುಗಳ ವಸಡು ತಿದ್ದಿ ಕ್ಯಾಪ್ ಹಾಕುವುದಿದ್ದರೆ ಇನ್ನೂ ಸ್ವಲ್ಪ ಕಾಯುವುದು ಒಳ್ಳೆಯದು. ಮೇಲಿನ ಚರ್ಮ ಎರಡು ವಾರದಲ್ಲಿ ಚೆನ್ನಾಗಿ ಕಂಡರೂ ಒಳಗಿನ ಅಂಗಾಂಶ ಗಟ್ಟಿಯಾಗಲು ಒಂದೂವರೆ ತಿಂಗಳಾದರೂ ಬೇಕು. ಅಷ್ಟರಲ್ಲಿ ವಸಡಿನ ಅಂಚು ಒಂದಿಷ್ಟು ಮೇಲೆ ಕೆಳಗೆ ಸರಿಯಬಹುದು. ತಾತ್ಕಾಲಿಕ ಕ್ಯಾಪ್ ಹಾಕಿ ಕಾದು, ಅಂಚು ಒಂದೇ ಕಡೆ ನಿಂತಿದೆ ಎಂದು ಅಳತೆ ಕಡ್ಡಿಯಲ್ಲಿ ನೋಡಿಕೊಂಡ ಮೇಲೆ ಕೊನೆಯ ಅಚ್ಚು ತೆಗೆಯುತ್ತಾರೆ.